ಮೊದಲು ಎಕ್ಸ್‌ವಿ6, ಆಮೇಲೆ ಲಿನಕ್ಸ್

ಚಿಕ್ಕಮಗಳೂರಿನಲ್ಲಿ ಇಂಜಿನಿಯರಿಂಗ್ ಓದ್ತಿದ್ದೀನಿ, ಆಪರೇಟಿಂಗ್ ಸಿಸ್ಟಮ್ ಕಲಿಯೋಕೆ ಎಕ್ಸ್‌ವಿ6 ಸಾಕಾ, ನೇರ ಲಿನಕ್ಸ್ ಕರ್ನಲ್‌ಗೇ, ಅಂದ್ರೆ ಅದರ ತಿರುಳಿಗೇ, ಇಳಿಯಲಾ ಅಂತ ಕೇಳಿದ್ದೀರಿ. ದಯವಿಟ್ಟು ಎಕ್ಸ್‌ವಿ6ನಿಂದ ಶುರು ಮಾಡಿ. 2006ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಪಾಠಕ್ಕೆಂದೇ ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಮ್ ಅದು, ಕೋಡ್ ಕೆಲವೇ ಸಾವಿರ ಸಾಲು. ಅದರ ಷೆಡ್ಯೂಲರ್, ಅಂದ್ರೆ ಮುಂದೆ ಯಾವುದು ಓಡಬೇಕೆಂದು ಆರಿಸುವ ಭಾಗ, ತೆರೆದು ನೋಡಿ: ಪ್ರೋಸೆಸ್‌ಗಳ (ಚಾಲೂ ಆಗಿರುವ ಪ್ರೋಗ್ರಾಂಗಳ) ಪಟ್ಟಿಯನ್ನು ಸುತ್ತುತ್ತದೆ, ತಯಾರಿರುವುದನ್ನು ಓಡಿಸುತ್ತದೆ, ಅಷ್ಟೇ. ಹಾಸನದ ನನ್ನ ರೂಮಿನಲ್ಲಿ ಅಲ್ಲೊಂದು ಪ್ರಿಂಟ್ ಸಾಲು ಸೇರಿಸಿ, ಪ್ರೋಸೆಸ್ ನಂಬರ್‌ಗಳು ಪರದೆ ಮೇಲೆ ಸಾಲಾಗಿ ಬಂದಾಗಲೇ ನನಗೆ ವಿಷಯ ತಲೆಗೆ ಹತ್ತಿದ್ದು. ಲಿನಕ್ಸ್‌ನಲ್ಲಿ ಕೋಟಿಗಟ್ಟಲೆ ಸಾಲು, ಜಾಸ್ತಿ ಪಾಲು ಹಾರ್ಡ್‌ವೇರ್ ನಡೆಸುವ ಡ್ರೈವರ್‌ಗಳದ್ದೇ. ಸುಮ್ನೆ ಕಳೆದುಹೋಗ್ತೀರಿ. ಕೆಲಸಕ್ಕೆ ಮಾತ್ರ ಲಿನಕ್ಸೇ ಬೇಕು, ಮೂಲ ಎಕ್ಸ್‌ವಿ6ನಲ್ಲಿ ನೆಟ್‌ವರ್ಕ್ ಕೂಡ ಇಲ್ಲ. ಮೊದಲು ಎಕ್ಸ್‌ವಿ6ಗೆ ಒಂದು ಸಿಸ್ಟಮ್ ಕಾಲ್ (ಪ್ರೋಗ್ರಾಂ ಕರ್ನಲ್‌ನಿಂದ ಕೆಲಸ ಕೇಳುವ ದಾರಿ) ನೀವೇ ಸೇರಿಸಿ. ಆಮೇಲೆ ಲಿನಕ್ಸ್‌ನ ಒಂದು ಚಿಕ್ಕ ಡ್ರೈವರ್ ಹಿಡಿದು ಕೂರಿ.