ಪುರಾಣದ ವೀರರೆಲ್ಲ ಒಂದೇ ಥರ ಯಾಕೆ?

ಪ್ರಶ್ನೆ: ಎಲ್ಲ ದೇಶದ ಪುರಾಣಗಳಲ್ಲೂ ನಾಯಕ ಮನೆ ಬಿಡುತ್ತಾನೆ, ಕಷ್ಟಪಡುತ್ತಾನೆ, ಗೆದ್ದು ವಾಪಸ್ ಬರುತ್ತಾನೆ. ಎಲ್ಲ ಒಂದೇ ಕಥೆನಾ?

ಉತ್ತರ: ಈ ಅಚ್ಚನ್ನು 1949ರಲ್ಲಿ ಪ್ರಚಾರಕ್ಕೆ ತಂದವರು ಅಮೆರಿಕದ ಪುರಾಣ ವಿದ್ವಾಂಸ ಜೋಸೆಫ್ ಕ್ಯಾಂಬೆಲ್. ನನಗೆ ಅದು ಸ್ವಲ್ಪ ಜಾಸ್ತಿನೇ ನೀಟಾಗಿದೆ ಅನ್ನಿಸುತ್ತದೆ. ಅಚ್ಚಿಗೆ ಕೂರದ ಭಾಗದಲ್ಲೇ ಅಲ್ವಾ ಮಜಾ ಇರೋದು? ಮೆಸೊಪೊಟೇಮಿಯಾದ (ಈಗಿನ ಇರಾಕ್ ಕಡೆಯ) ಪುರಾತನ ಕಾವ್ಯದ ರಾಜ ಗಿಲ್ಗಮೆಶ್ ನೋಡಿ: ಗೆಳೆಯ ಎಂಕಿಡು ಸತ್ತ ಮೇಲೆ ಸಾವಿಗೆ ಹೆದರಿ, ಲೋಕದ ಅಂಚಿನವರೆಗೆ ಅಲೆದು, ಕೊನೆಗೆ ಯೌವನ ಮರಳಿಸುವ ಗಿಡ ಹುಡುಕಿ ತಂದರೆ, ಅವನು ಸ್ನಾನಕ್ಕೆ ಇಳಿದಾಗ ಹಾವು ಅದನ್ನು ಕದ್ದೊಯ್ಯುತ್ತದೆ. ಬರಿಗೈಲಿ ಬಂದು ತನ್ನೂರು ಉರುಕ್‌ನ ಕೋಟೆ ಗೋಡೆ ತೋರಿಸುತ್ತಾನೆ, ಅಷ್ಟೇ. ಗೆಲುವೆಲ್ಲಿದೆ? ಇನ್ನು ಗ್ರೀಕರ ಒಡಿಸ್ಯೂಸ್ ಏನನ್ನೂ ಹುಡುಕಿ ಹೊರಟವನಲ್ಲ, ಟ್ರಾಯ್ ಯುದ್ಧ ಮುಗಿದ ಮೇಲೆ ಸುಮ್ನೆ ಮನೆ ಸೇರೋದಕ್ಕೇ 10 ವರ್ಷ ತಗೊಂಡವನು.