ಬಾಯ್ಲರ್ ಕೆಟ್ಟಿಲ್ಲ, ಪೈಪು ಹೆಪ್ಪುಗಟ್ಟಿದೆ

ಪ್ರಶ್ನೆ: ಲೀಡ್ಸ್‌ನಲ್ಲಿ ಎರಡು ವರ್ಷದ ಹಿಂದೆ ಹಳೆಯ ಮನೆಯೊಂದನ್ನು ಕೊಂಡೆವು. ಕಳೆದ ಜನವರಿಯಲ್ಲಿ ಮೂರು ಸಲ, ಮೂರೂ ಸಲ ಬೆಳಗಿನ ಜಾವದಲ್ಲೇ, ಬಾಯ್ಲರ್ ಗೊಳಗೊಳ ಸದ್ದು ಮಾಡಿ ನಿಂತುಹೋಯಿತು. ದಾವಣಗೆರೆಯಿಂದ ಬಂದಿದ್ದ ಅತ್ತೆಯವರು ಎರಡು ಸ್ವೆಟರ್ ಮೇಲೆ ಶಾಲು ಹೊದ್ದು ಒಲೆಯ ಮುಂದೆಯೇ ಕೂತಿದ್ದರು. ಬಂದ ಮೆಕ್ಯಾನಿಕ್ ಹೊರಗಿನ ಬಿಳಿ ಪೈಪಿನ ಮೇಲೆ ಬಿಸಿನೀರು ಸುರಿದು, ಒಂದು ಗುಂಡಿ ಒತ್ತಿ, ಹಣ ಪಡೆದು ಹೋದರು. ನಮ್ಮ ಯಜಮಾನರು ಆ ಪೈಪಿಗೆ ಹಳೆಯ ಕಂಬಳಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದಾರೆ. ಈ ಚಳಿಗಾಲಕ್ಕೆ ಇಷ್ಟು ಸಾಕೇ? ಬಾಯ್ಲರನ್ನೇ ಬದಲಿಸಬೇಕೇ?

ಉತ್ತರ: ಬಾಯ್ಲರ್ ಬದಲಿಸಬೇಡಿ. ಅದು ಕೆಟ್ಟಿಲ್ಲ. ಕಂಬಳಿ ಮಾತ್ರ ಸಾಲದು. ಏಕೆಂದು ತಿಳಿಯಬೇಕಾದರೆ ಆ ಬಿಳಿ ಪೈಪಿನಲ್ಲಿ ಏನು ಹರಿಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಊರಿನಲ್ಲಿ ಬಾಯ್ಲರ್ ಎಂದರೆ ಬಚ್ಚಲಿನ ಹಂಡೆಯ ತಮ್ಮ. ಇಲ್ಲಿಯದು ಗ್ಯಾಸ್ ಉರಿಸಿ ಮನೆಯ ರೇಡಿಯೇಟರುಗಳಿಗೂ ನಲ್ಲಿಗೂ ಬಿಸಿನೀರು ಕಳಿಸುವ ಯಂತ್ರ. ಗ್ಯಾಸ್ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಒಂದು ಕಿಲೋ ಮೀಥೇನ್ ಉರಿದರೆ ಎರಡೂಕಾಲು ಕಿಲೋದಷ್ಟು. ಹಿಂದಿನ ಬಾಯ್ಲರುಗಳು ಆ ಆವಿಯನ್ನು ಬಿಸಿಬಿಸಿಯಾಗಿಯೇ ಹೊಗೆಕೊಳವೆಯಿಂದ ಹೊರಗೆ ಬಿಡುತ್ತಿದ್ದವು. 2005ರ ಏಪ್ರಿಲ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೊಸದಾಗಿ ಹಾಕುವ ಗ್ಯಾಸ್ ಬಾಯ್ಲರುಗಳು, ಕೆಲವು ವಿನಾಯಿತಿ ಬಿಟ್ಟರೆ, ಕಂಡೆನ್ಸಿಂಗ್ ಮಾದರಿಯವೇ ಆಗಿರಬೇಕು. ಇವು ಆವಿಯನ್ನು ಒಳಗೇ ತಣಿಸಿ ಅದರ ಶಾಖವನ್ನೂ ಕಸಿದುಕೊಳ್ಳುತ್ತವೆ. ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿದಾಗ ಒಳಬದಿಯಿಂದ ನೀರು ಇಳಿಯುತ್ತದಲ್ಲ, ಅದೇ ಸಂಗತಿ. ಹೀಗೆ ಇಳಿದ ನೀರಿಗೆ ಕಂಡೆನ್ಸೇಟ್ ಎನ್ನುತ್ತಾರೆ. ಚಳಿಗಾಲದಲ್ಲಿ ಇದು ದಿನಕ್ಕೆ ಕೆಲವು ಲೀಟರುಗಳಷ್ಟಾಗುತ್ತದೆ. ಅದನ್ನು ಮೋರಿಗೆ ಸಾಗಿಸುವುದೇ ನಿಮ್ಮ ಬಿಳಿ ಪೈಪಿನ ಕೆಲಸ.

ನೀರು ಧಾರೆಯಾಗಿ ಹರಿದರೆ ಅಷ್ಟು ಬೇಗ ಹೆಪ್ಪುಗಟ್ಟುವುದಿಲ್ಲ. ತೊಟ್ಟಿಕ್ಕುವ ನೀರಿನ ಗತಿಯೇ ಬೇರೆ. ರಾತ್ರಿ ಬಾಯ್ಲರ್ ಸಣ್ಣ ಉರಿಯಲ್ಲಿ ನಡೆಯುತ್ತಿರುವಾಗ ಹನಿ ಹನಿಯಾಗಿ ಬಿದ್ದ ನೀರು ತಣ್ಣಗಿನ ಪೈಪಿನ ತಳಕ್ಕೆ ಅಂಟಿ ಅಲ್ಲೇ ಮಂಜುಗಡ್ಡೆಯಾಗುತ್ತದೆ. ಅದರ ಮೇಲೆ ಮತ್ತೊಂದು ಹನಿ. ಬೆಳಗಿನ ಜಾವದ ಹೊತ್ತಿಗೆ ಪೈಪು ಪೂರ್ತಿ ಕಟ್ಟಿಕೊಂಡಿರುತ್ತದೆ. ಹೊರಹೋಗಲಾರದ ನೀರು ಬಾಯ್ಲರಿನೊಳಕ್ಕೇ ಏರುತ್ತದೆ. ನೀವು ಕೇಳಿದ ಗೊಳಗೊಳ ಸದ್ದು ಅದೇ. ಆಗ ಯಂತ್ರ ತನ್ನ ರಕ್ಷಣೆಗೆ ತಾನೇ ನಿಂತುಬಿಡುತ್ತದೆ. ಎಷ್ಟೋ ಬಾಯ್ಲರುಗಳಲ್ಲಿ ನೀರು ಒಂದು ಬಟ್ಟಲಿನಷ್ಟು ತುಂಬುವವರೆಗೆ ತಡೆದು, ಒಮ್ಮೆಲೇ ಬಿಡುವ ಸೈಫನ್ ಟ್ರ್ಯಾಪ್ ಇರುವುದು ಈ ತೊಟ್ಟಿಕ್ಕುವಿಕೆಯನ್ನು ತಪ್ಪಿಸಲೆಂದೇ. ನಿಮ್ಮದರಲ್ಲಿ ಅದು ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ.

2010ರ ಡಿಸೆಂಬರ್ ನನಗೆ ಚೆನ್ನಾಗಿ ನೆನಪಿದೆ. ಬ್ರಿಟನ್ನಿನ ನೂರು ವರ್ಷಗಳ ದಾಖಲೆಯಲ್ಲಿ ಅಷ್ಟು ಚಳಿಯ ಡಿಸೆಂಬರ್ ಇರಲಿಲ್ಲ. ಉತ್ತರ ಐರ್ಲೆಂಡಿನ ಕ್ಯಾಸಲ್‌ಡರ್ಗ್‌ನಲ್ಲಿ ಉಷ್ಣಾಂಶ ಮೈನಸ್ 18.7 ಡಿಗ್ರಿಗೆ ಇಳಿದಿತ್ತು. ನಾನು ಬಾಯ್ಲರ್ ರಿಪೇರಿಯ ಕೆಲಸಕ್ಕೆ ಇಳಿದ ಹೊಸತು. ಒಂದೇ ದಿನ ಹನ್ನೊಂದು ಮನೆಗೆ ಹೋದೆ. ಹನ್ನೊಂದರಲ್ಲೂ ಕೈಗೆ ಬಂದದ್ದು ಸ್ಪ್ಯಾನರ್ ಅಲ್ಲ, ಬಿಸಿನೀರಿನ ಜಗ್ಗು. ಹನ್ನೊಂದರಲ್ಲೂ ಹೊರಗೋಡೆಯ ಮೇಲೆ ಹೆಬ್ಬೆರಳು ಗಾತ್ರದ ಅದೇ ತೆಳು ಪೈಪು.

ತಪ್ಪು ಇರುವುದು ಅಲ್ಲಿ. ನಿಮ್ಮ ಪೈಪನ್ನು ಅಳೆದು ನೋಡಿ. ಹೊರಗಿನ ವ್ಯಾಸ 21.5 ಮಿ.ಮೀ. ಇದ್ದರೆ ಅದು ಮನೆಯ ಒಳಗಷ್ಟೇ ಇರಬೇಕಾದ ಪೈಪು. ಗೋಡೆ ದಾಟಿ ಹೊರಗೆ ಬರುವುದಾದರೆ ಕನಿಷ್ಠ 32 ಮಿ.ಮೀ. ಬೇಕು. ಗಾತ್ರ ಹೆಚ್ಚುವುದು ಗೋಡೆಯ ಒಳಬದಿಯಲ್ಲೇ ಆಗಬೇಕು, ಹೊರಗೆ ಬಂದ ಮೇಲಲ್ಲ. ಹೊರಗಿನ ಉದ್ದ ಮೂರು ಮೀಟರ್ ಮೀರಬಾರದು. ನಮ್ಮ ಗಾರೆ ಕೆಲಸದವರು ವಾಟ ಎನ್ನುತ್ತಾರಲ್ಲ, ಆ ಇಳಿಜಾರು ಮೀಟರಿಗೆ ಸುಮಾರು 50 ಮಿ.ಮೀ. ಇರಬೇಕು. ನಡುವೆ ಪೈಪು ಜೋತುಬಿದ್ದಿದ್ದರೆ ಆ ಹಳ್ಳದಲ್ಲಿ ನಿಂತ ನೀರೇ ಮೊದಲು ಗಡ್ಡೆಯಾಗುವುದು. ಎಲ್ಬೋಗಳು, ಅಂದರೆ ಪೈಪಿನ ತಿರುವುಗಳು, ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಪೈಪಿನ ತುದಿಯನ್ನು ಓರೆಯಾಗಿ ಕತ್ತರಿಸಿದ್ದರೆ ಹನಿ ಅಂಚಿಗೆ ಜೋತು ನಿಲ್ಲದೆ ಬಿದ್ದುಹೋಗುತ್ತದೆ. ಆ ತುದಿಯನ್ನು ಒಮ್ಮೆ ಬಗ್ಗಿ ನೋಡಿ: ಎಲೆ ಕೊಳೆತು ಕಟ್ಟಿದ ಮೋರಿಯ ನೀರಿನಲ್ಲಿ ಅದು ಮುಳುಗಿದ್ದರೆ ಮೋರಿ ಹೆಪ್ಪುಗಟ್ಟಿದ ರಾತ್ರಿ ಪೈಪಿನ ಬಾಯಿಯೂ ಮುಚ್ಚಿಹೋಗುತ್ತದೆ.

ಇದೆಲ್ಲಕ್ಕಿಂತ ಒಳ್ಳೆಯ ದಾರಿಯೆಂದರೆ ಪೈಪನ್ನು ಹೊರಗೆ ತರದೇ ಇರುವುದು. ಅಡುಗೆಮನೆಯ ಸಿಂಕಿನ ಕೊಳವೆಗೋ, ಒಳಗೇ ಇಳಿಯುವ ಶೌಚದ ದೊಡ್ಡ ಕೊಳವೆಗೋ ಸೇರಿಸಿಬಿಟ್ಟರೆ ಹಿಮ ಎಷ್ಟು ಬಿದ್ದರೂ ಚಿಂತೆಯಿಲ್ಲ. ಬಾಯ್ಲರ್ ಅಡುಗೆಮನೆಯಲ್ಲೇ ಇದ್ದರೆ ಇದು ಬಹಳ ಸಲ ಅರ್ಧ ದಿನದ ಕೆಲಸ. ಗ್ಯಾಸ್ ಕೆಲಸಕ್ಕೆ ಅಧಿಕೃತ ಅನುಮತಿ ಇರುವವರ ಪಟ್ಟಿಯಾದ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರಿರುವವರಿಂದ ಮಾಡಿಸಿ. ‘ಹೊರಗೆ ಬಿಡುವುದೇ ಸುಲಭ’ ಎನ್ನುವವರಿಗೆ ಸುಲಭವಾಗುವುದು ಅವರ ಕೆಲಸ, ನಿಮ್ಮ ಜನವರಿಯಲ್ಲ.

ಇನ್ನು ಕಂಬಳಿ. ಕಂಬಳಿ ಮೈಯ ಶಾಖವನ್ನು ಹಿಡಿದಿಡುತ್ತದೆ. ತಾನಾಗಿ ಶಾಖ ಕೊಡುವುದಿಲ್ಲ. ಹನಿ ನೀರಿನಲ್ಲಿ ಹಿಡಿದಿಡುವಷ್ಟು ಶಾಖವೇ ಇಲ್ಲ. ತೆಳು ಪೈಪಿಗೆ ಎಷ್ಟು ಸುತ್ತಿದರೂ ಒಂದೆರಡು ಗಂಟೆ ತಡವಾಗಬಹುದು, ಅಷ್ಟೇ. ಅದರ ಮೇಲೆ ಬಟ್ಟೆಯ ಕಂಬಳಿ ಮಳೆಗೆ ನೆನೆದರೆ ಪೈಪಿಗೆ ಒದ್ದೆ ಬಟ್ಟೆ ಸುತ್ತಿದಂತಾಗುತ್ತದೆ. ಯಜಮಾನರ ಶ್ರಮಕ್ಕೆ ನನ್ನ ಗೌರವವಿದೆ, ಆದರೆ ಬಿಚ್ಚಿಸಿಬಿಡಿ. 32 ಮಿ.ಮೀ. ಪೈಪು ಹಾಕಿಸಿದ ಮೇಲೆ ನೀರೂ ಬಿಸಿಲೂ ತಾಳುವ ಫೋಮಿನ ಹೊದಿಕೆಯನ್ನು ಎಲ್ಬೋಗಳ ಸಮೇತ ಸಂದಿಲ್ಲದಂತೆ ಹಾಕಿಸಿ. ಪೈಪನ್ನು ಒಳಗೆ ತಿರುಗಿಸುವುದು ಸಾಧ್ಯವೇ ಇಲ್ಲದಿದ್ದರೆ, ಪೈಪಿನ ಉದ್ದಕ್ಕೂ ಅಳವಡಿಸುವ ವಿದ್ಯುತ್ ತಂತಿ ಸಿಗುತ್ತದೆ. ಹೊರಗಿನ ಚಳಿ ಸೊನ್ನೆಗೆ ಹತ್ತಿರವಾದಾಗ ತಾನೇ ಬೆಚ್ಚಗಾಗುತ್ತದೆ. ಅದು ಕೊನೆಯ ಉಪಾಯ.

ಇವೆಲ್ಲ ಆಗುವುದಕ್ಕೆ ಮೊದಲೇ ಚಳಿ ಬಂದರೆ ರಾತ್ರಿ ಹೀಟಿಂಗ್ ಪೂರ್ತಿ ಆರಿಸಬೇಡಿ, ಥರ್ಮೋಸ್ಟಾಟನ್ನು 15 ಡಿಗ್ರಿಗೆ ಇಟ್ಟು ಮಲಗಿ. ರೇಡಿಯೇಟರಿಗೆ ಹೋಗುವ ನೀರಿನ ಬಿಸಿಯನ್ನು ಆ ಕೆಲವು ದಿನ ಏರಿಸಿಡಿ. ಮರಳಿ ಬರುವ ನೀರು ಸುಮಾರು 55 ಡಿಗ್ರಿಗಿಂತ ಬಿಸಿಯಾಗಿದ್ದರೆ ಆವಿ ಅಷ್ಟಾಗಿ ನೀರಾಗುವುದಿಲ್ಲ, ಪೈಪಿಗೆ ಬರುವ ಹನಿಯೂ ಕಡಿಮೆ. ಗ್ಯಾಸ್ ಬಿಲ್ಲು ಹೆಚ್ಚುತ್ತದೆ, ಹಾಗಾಗಿ ಚಳಿ ಇಳಿದೊಡನೆ ಮೊದಲಿನಂತೆ ಮಾಡಿ.

ಅಷ್ಟಾದರೂ ಹೆಪ್ಪುಗಟ್ಟಿತೆನ್ನಿ. ಆಗ ಮೆಕ್ಯಾನಿಕ್‌ಗೆ ಹಣ ಕೊಡುವ ಮೊದಲು ನೀವೇ ಪ್ರಯತ್ನಿಸಬಹುದು. ಕುದಿಯುವ ನೀರು ಬೇಡ, ಪೈಪು ಬಿರಿಯುತ್ತದೆ. ಕೈ ತಾಳುವಷ್ಟು ಬಿಸಿ ಸಾಕು. ಮೋರಿಯ ಬಳಿಯ ತೆರೆದ ತುದಿಯಿಂದ ಆರಂಭಿಸಿ ಮೇಲಕ್ಕೆ ಬನ್ನಿ, ಕರಗಿದ್ದು ಹೊರಬರಲು ದಾರಿ ಇರಲಿ. ಎಲ್ಬೋಗಳ ಮೇಲೆ ಹಾಟ್ ವಾಟರ್ ಬ್ಯಾಗ್ ಒರಗಿಸಿಟ್ಟರೂ ಆಗುತ್ತದೆ. ಒಳಗೆ ‘ಗುಳುಕ್’ ಎಂದು ನೀರು ಜಾರಿದ ಸದ್ದು ಕೇಳಿದ ಮೇಲೆ ರೀಸೆಟ್ ಗುಂಡಿ ಒತ್ತಿ. ಪೈಪು ಎತ್ತರದಲ್ಲಿದ್ದರೆ ಹಿಮದಲ್ಲಿ ಏಣಿ ಹಾಕುವ ಸಾಹಸ ಬೇಡ. ಸುರಿದ ನೀರು ಕಾಲುದಾರಿಯಲ್ಲಿ ಅರ್ಧ ಗಂಟೆಯಲ್ಲಿ ಗಾಜಾಗುತ್ತದೆ, ಮರೆಯದೆ ಉಪ್ಪು ಎರಚಿ. ಅತ್ತೆಯವರು ಬೆಳಿಗ್ಗೆ ರಂಗೋಲಿ ಹಾಕಲು ಬಾಗಿಲು ತೆರೆಯುವವರಾದರೆ ಇದನ್ನು ಇನ್ನೂ ಜಾಗ್ರತೆಯಾಗಿ ಮಾಡಿ.

ಪ್ರಶ್ನೆ: ಕೋವೆಂಟ್ರಿಯಲ್ಲಿ ಬಾಡಿಗೆ ಮನೆ. ಇದೇ ತೊಂದರೆ. ಪೈಪನ್ನು ಬಾಯ್ಲರಿನ ಕೆಳಗೆ ಬಿಚ್ಚಿ ಬಕೆಟ್ ಇಡಿ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಮಾಡಬಹುದೇ?

ಉತ್ತರ: ನೀವು ಮಾಡಬೇಡಿ. ತುರ್ತಿನಲ್ಲಿ ಕೆಲವು ಎಂಜಿನಿಯರುಗಳು ಹಾಗೆ ಮಾಡುವುದುಂಟು, ಆದರೆ ಎಲ್ಲಿ ಬಿಚ್ಚಬೇಕೆಂದು ಅವರಿಗೆ ಗೊತ್ತಿರುತ್ತದೆ. ಬಾಯ್ಲರಿನ ಟ್ರ್ಯಾಪಿನಲ್ಲಿ, ಅಂದರೆ ನೀರು ತಡೆದಿಡುವ ಬಟ್ಟಲಿನಲ್ಲಿ, ನಿಂತ ನೀರೇ ಹೊಗೆಯನ್ನು ಮನೆಯೊಳಗೆ ಬಾರದಂತೆ ತಡೆಯುವ ಬಾಗಿಲು. ತಪ್ಪು ಜಾಗದಲ್ಲಿ ಬಿಚ್ಚಿ ಆ ನೀರು ಖಾಲಿಯಾದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಒಳಬರಬಹುದು. ಮನೆ ಮಾಲೀಕರಿಗೆ ಇಮೇಲ್‌ನಲ್ಲಿ ಬರೆಯಿರಿ, ಪೈಪಿನ ಫೋಟೊ ಜೊತೆಗಿರಲಿ. ಇಂಗ್ಲೆಂಡಿನಲ್ಲಿ 1985ರ ಮನೆಮಾಲೀಕ-ಬಾಡಿಗೆದಾರ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮನೆ ಬೆಚ್ಚಗಿಡುವ ಮತ್ತು ನೀರು ಕಾಯಿಸುವ ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿಡುವುದು ಅವರ ಹೊಣೆ. ಸಂಕೋಚ ಬೇಡ.

ಪ್ರಶ್ನೆ: ಆ ಪೈಪಿನಿಂದ ಬರುವುದು ಆವಿಯಿಂದಾದ ನೀರಲ್ಲವೇ? ಹಾಗಾದರೆ ಅದು ಡಿಸ್ಟಿಲ್ಡ್ ವಾಟರ್. ಹಿಡಿದಿಟ್ಟು ಕಾರಿನ ಬ್ಯಾಟರಿಗೆ, ತುಳಸಿ ಗಿಡಕ್ಕೆ ಹಾಕಬಹುದೇ?

ಉತ್ತರ: ಊರಿನಲ್ಲಿ ಇನ್ವರ್ಟರಿಗೆ ಕ್ಯಾನ್ ಕ್ಯಾನ್ ನೀರು ಕೊಂಡವರಿಗೆ ಈ ಆಸೆ ಸಹಜ! ಆದರೆ ಹೊಗೆಯ ಅಂಶ ಬೆರೆತು ಅದು ಆಮ್ಲೀಯವಾಗಿರುತ್ತದೆ, ಪಿಎಚ್ 3ರಿಂದ 5ರ ಆಸುಪಾಸು. ತಾಮ್ರವನ್ನು ತಿನ್ನುತ್ತದೆ; ಆ ಪೈಪು ಪ್ಲಾಸ್ಟಿಕ್ಕಿನದಾಗಿರುವುದು ಅದಕ್ಕೇ. ಹತ್ತಿರ ಮೋರಿ ಇಲ್ಲದ ಮನೆಗಳಲ್ಲಿ ಅದನ್ನು ಸುಣ್ಣಕಲ್ಲಿನ ಚೂರು ತುಂಬಿದ ಇಂಗುಗುಂಡಿಗೆ ಬಿಡುತ್ತಾರೆ. ಬ್ಯಾಟರಿಗೆ ಅಂಗಡಿಯ ನೀರು, ತುಳಸಿಗೆ ನಲ್ಲಿಯ ನೀರು.