ಆಗಸ್ಟ್ 15ರ ಲೇಖನ ಕಳಿಸಿದ ತಂಗಿಗೆ

ಪ್ರೀತಿಯ ತಂಗಿ,

ನಿಮ್ಮ ಲೇಖನ ಓದಿದೆ. ‘ಕಮ್ಯುನಿಸ್ಟಳಾದ ನಾನು ಧ್ವಜಕ್ಕೆ ಯಾಕೆ ಕೈ ಎತ್ತುವುದಿಲ್ಲ’ ಅನ್ನುವ ತಲೆಬರಹ ನೋಡಿಯೇ ಬೇರೆ ಕೆಲಸ ಬದಿಗಿಟ್ಟೆ. ಓದಿ ಮುಗಿಸಿದಾಗ ಸಿಟ್ಟು ಬಂದಿತ್ತು. ‘ಪ್ರಕಟಣೆಗೆ ಸೂಕ್ತವಾಗಿಲ್ಲ’ ಅಂತ ಒಂದು ಸಾಲು ಕಳಿಸಿ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲು ಮನಸ್ಸಾಗಲಿಲ್ಲ. ಇಂಥ ಬರಹ ಈಚೆಗೆ ಬೇರೆಯವರಿಂದಲೂ ಬರುತ್ತಿದೆ. ಅದಕ್ಕೆ ಈ ಉತ್ತರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ನಿಮ್ಮ ಹೆಸರು, ಊರು ಬಿಟ್ಟಿದ್ದೇನೆ.

ಓದುಗರಿಗೆ ಲೇಖನದ ಸಾರ ಹೇಳಬೇಕು. ನೀವು ಕಾರವಾರ ಕಡೆಯ ಸೀಬರ್ಡ್ ನೌಕಾನೆಲೆಗಾಗಿ ಎಬ್ಬಿಸಿದ ನಿರಾಶ್ರಿತರ ಕಾಲೊನಿಯವರು. ಧಾರವಾಡದಲ್ಲಿ ಓದುತ್ತಿದ್ದೀರಿ. ಅಲ್ಲಿ ಎಡಪಂಥೀಯ ಗೆಳೆಯರ ಜೊತೆ ಸೇರಿದಿರಿ. ಆಗಸ್ಟ್ 15ಕ್ಕೆ ಊರಿಗೆ ಬಂದವರು ಶಾಲೆಯ ಧ್ವಜಾರೋಹಣಕ್ಕೆ ಹೋಗಿ, ಕೈ ಎತ್ತದೆ ಗೇಟಿನ ಹತ್ತಿರ ನಿಂತಿರಿ. ದೊಡ್ಡವರು ಬೈದರು. ಯಾಕೆ ಹಾಗೆ ನಿಂತೆ ಅನ್ನುವುದಕ್ಕೆ ನೀವು ಕೊಟ್ಟ ಉತ್ತರವೇ ಈ ಲೇಖನ.

ಭಾಷೆ ಚೆನ್ನಾಗಿದೆ. ಕಾಗುಣಿತದ ತಪ್ಪಿಲ್ಲ. ಹೇಳಬೇಕಾದ್ದನ್ನು ಹೆದರದೆ ಹೇಳಿದ್ದೀರಿ.

ನೀವು ಕೈ ಎತ್ತಲಿಲ್ಲ ಅನ್ನುವುದು ನನ್ನ ತಕರಾರಲ್ಲ. ಅದು ನಿಮಗೆ ಬಿಟ್ಟಿದ್ದು. ನಿಮ್ಮನ್ನು ದೇಶದ್ರೋಹಿ ಅಂತ ಬೈದು ಯಾರಾದರೂ ಲೇಖನ ಕಳಿಸಿದರೆ ಅದನ್ನೂ ನಾನು ಹಾಕುವುದಿಲ್ಲ. ನಾನು ಯಾವ ಪಕ್ಷದ ಸದಸ್ಯನೂ ಅಲ್ಲ. ಆದರೆ ಮೇ 1ಕ್ಕೂ ಆಗಸ್ಟ್ 15ಕ್ಕೂ ನಮ್ಮ ಪತ್ರಿಕೆ ಯಾವಾಗಲೂ ಪುಟ ಇಟ್ಟಿದೆ. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಮೂರನೇ ಪ್ಯಾರಾಕ್ಕೆ ಬನ್ನಿ. ‘ಕಾರ್ಮಿಕರಿಗೆ ದೇಶವಿಲ್ಲ ಎಂದು ಮಾರ್ಕ್ಸ್ ಹೇಳಿದ್ದಾರೆ. ಆದ್ದರಿಂದ ನಾವು ಕಮ್ಯುನಿಸ್ಟರು ಎಂದೂ ಸ್ವಾತಂತ್ರ್ಯ ದಿನ ಆಚರಿಸಿದವರಲ್ಲ.’

1848ರ ಕಮ್ಯುನಿಸ್ಟ್ ಪ್ರಣಾಳಿಕೆಯಲ್ಲಿ ಆ ಮಾತು ಇದೆ, ನಿಜ. ಆದರೆ ಎಲ್ಲಿ ಬರುತ್ತದೆ? ನೀವು ದೇಶವನ್ನೇ ಇಲ್ಲದಂತೆ ಮಾಡಲು ಹೊರಟವರು ಅನ್ನುವ ಆರೋಪಕ್ಕೆ ಮಾರ್ಕ್ಸ್ ಮತ್ತು ಎಂಗೆಲ್ಸ್ ಉತ್ತರ ಕೊಡುವ ಜಾಗದಲ್ಲಿ. ಅವರ ಹತ್ತಿರ ಇಲ್ಲದೇ ಇರುವುದನ್ನು ಯಾರಾದರೂ ಕಿತ್ತುಕೊಳ್ಳುವುದು ಹೇಗೆ ಅನ್ನುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಮಾತಿದೆ. ಕಾರ್ಮಿಕರು ಮೊದಲು ಅಧಿಕಾರ ಹಿಡಿಯಬೇಕು, ತಾವೇ ರಾಷ್ಟ್ರವಾಗಬೇಕು, ಆ ಮಟ್ಟಿಗೆ ಅವರೂ ರಾಷ್ಟ್ರೀಯರೇ, ಬಂಡವಾಳಿಗರು ಹೇಳುವ ಅರ್ಥದಲ್ಲಿ ಮಾತ್ರ ಅಲ್ಲ. ಅಂದರೆ ಅದು ಪಾಲು ಸಿಗದವರ ದೂರು. ನೀವು ಮುಂದಿನ ಸಾಲು ಓದದೆ, ಅಥವಾ ಓದಿಯೂ ಬಿಟ್ಟು, ದೂರನ್ನೇ ಸಿದ್ಧಾಂತ ಮಾಡಿಕೊಂಡಿರಿ. ಅರ್ಧ ಸಾಲಿನ ಮೇಲೆ ಇಡೀ ಲೇಖನ ನಿಲ್ಲಿಸಿದ್ದು ನನಗೆ ಸಹಿಸಲಾಗಲಿಲ್ಲ.

ಅದಕ್ಕಿಂತ ಜಾಸ್ತಿ ಕೆರಳಿಸಿದ್ದು ಎರಡನೇ ವಾಕ್ಯ. ‘ನಾವು ಎಂದೂ’ ಅಂದಿರಿ. ಯಾವ ವರ್ಷದ ನೀವು?

1921ರಲ್ಲಿ ಅಹಮದಾಬಾದಿನ ಕಾಂಗ್ರೆಸ್ ಅಧಿವೇಶನದಲ್ಲಿ ಪೂರ್ಣ ಸ್ವಾತಂತ್ರ್ಯವೇ ಬೇಕು ಅಂತ ನಿರ್ಣಯ ಮಂಡಿಸಿದವರು ಮೌಲಾನಾ ಹಸ್ರತ್ ಮೊಹಾನಿ. ಗಾಂಧೀಜಿ ಆಗ ಅದನ್ನು ಒಪ್ಪಲಿಲ್ಲ. ಅದೇ ಮೊಹಾನಿ 1925ರಲ್ಲಿ ಕಾನ್ಪುರದ ಕಮ್ಯುನಿಸ್ಟ್ ಸಮ್ಮೇಳನದ ಸ್ವಾಗತ ಸಮಿತಿಯ ಅಧ್ಯಕ್ಷರಾಗಿದ್ದರು. ನಿಮ್ಮ ಲೇಖನದ ಕೊನೆಗೆ ಇರುವ ‘ಇಂಕಿಲಾಬ್ ಜಿಂದಾಬಾದ್’ ಅವರು ಕೊಟ್ಟ ಘೋಷಣೆ. ಕಾಂಗ್ರೆಸ್ ಪೂರ್ಣ ಸ್ವರಾಜ್ಯಕ್ಕೆ ಬಂದಿದ್ದು 1929ರ ಡಿಸೆಂಬರಿನಲ್ಲಿ, ಲಾಹೋರಿನಲ್ಲಿ. 1930ರ ಜನವರಿ 26ನ್ನು ಸ್ವಾತಂತ್ರ್ಯ ದಿನ ಅಂತ ಆಚರಿಸಿದರು. ಆ ದಿನದ ನೆನಪಿಗೇ 1950ರಲ್ಲಿ ಸಂವಿಧಾನ ಜನವರಿ 26ರಂದು ಜಾರಿಗೆ ಬಂತು. ನೀವು ಇವತ್ತು ಬೇಡ ಅನ್ನುವ ಹಬ್ಬವನ್ನು ಎಲ್ಲರಿಗಿಂತ ಮೊದಲು ಕೇಳಿದವರಲ್ಲಿ ನಿಮ್ಮವರೂ ಇದ್ದರು, ತಂಗಿ.

1946ರ ಫೆಬ್ರವರಿಯಲ್ಲಿ ಮುಂಬಯಿಯ ನೌಕಾಪಡೆಯ ನಾವಿಕರು ಬ್ರಿಟಿಷರ ವಿರುದ್ಧ ದಂಗೆ ಎದ್ದಾಗ ಹಡಗುಗಳ ಮೇಲೆ ಕಾಂಗ್ರೆಸ್ ಧ್ವಜ, ಮುಸ್ಲಿಂ ಲೀಗ್ ಧ್ವಜ, ಕೆಂಬಾವುಟ ಮೂರನ್ನೂ ಹಾರಿಸಿದರು. ಅವರ ಬೆಂಬಲಕ್ಕೆ ಕಮ್ಯುನಿಸ್ಟರು ಮುಂಬಯಿಯಲ್ಲಿ ಹರತಾಳ ಮಾಡಿಸಿದರು. ನೌಕಾನೆಲೆಯ ಬೇಲಿಯ ಪಕ್ಕ ಬೆಳೆದ ಹುಡುಗಿಗೆ ಇದು ಬರೆಯುವಾಗ ನೆನಪಾಗಬೇಕಿತ್ತು. 1955ರ ಆಗಸ್ಟ್ 15ರಂದು ತ್ರಿವರ್ಣ ಧ್ವಜ ಹಿಡಿದು ಗೋವಾ ಗಡಿ ದಾಟಿ ಪೋರ್ಚುಗೀಸರ ಗುಂಡಿಗೆ ಎದೆಯೊಡ್ಡಿದ ಸತ್ಯಾಗ್ರಹಿಗಳಲ್ಲಿ ಕಮ್ಯುನಿಸ್ಟರೂ ಇದ್ದರು. ಆ ಗೋವಾ ನಮ್ಮ ಮಾಜಾಳಿಯ ಆಚೆಗೇ ಶುರುವಾಗುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ನೀವು ಬರೆದಿಲ್ಲ. 1941ರಲ್ಲಿ ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆ ಬಿದ್ದ ಮೇಲೆ ಕಮ್ಯುನಿಸ್ಟ್ ಪಕ್ಷ ಮಹಾಯುದ್ಧವನ್ನು ಜನತಾ ಯುದ್ಧ ಅಂತ ಕರೆಯಿತು. 1942ರ ಜುಲೈನಲ್ಲಿ ಬ್ರಿಟಿಷ್ ಸರ್ಕಾರ ಪಕ್ಷದ ಮೇಲಿನ ನಿಷೇಧ ತೆಗೆಯಿತು. ಮುಂದಿನ ತಿಂಗಳು ಶುರುವಾದ ಕ್ವಿಟ್ ಇಂಡಿಯಾ ಚಳವಳಿಯಿಂದ ಪಕ್ಷ ದೂರ ಉಳಿಯಿತು. 1930ರಲ್ಲಿ ಉಪ್ಪು ಮಾಡಿದ, ಕರ ಕೊಡದೆ ಜಮೀನು ಕಳೆದುಕೊಂಡ ಅಂಕೋಲೆಯಂಥ ಊರುಗಳ ಜಿಲ್ಲೆ ಇದು. ಇಲ್ಲಿ ‘ಆಗ ನೀವೆಲ್ಲಿದ್ದಿರಿ’ ಅನ್ನುವ ಪ್ರಶ್ನೆ ಎದುರಾಗದೆ ಯಾವ ಕಮ್ಯುನಿಸ್ಟನೂ ಆಗಸ್ಟ್ 15ರ ಬಗ್ಗೆ ಮಾತಾಡಲು ಆಗುವುದಿಲ್ಲ. 1948ರಲ್ಲಿ, ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ರಣದಿವೆಯವರ ಕಾಲದಲ್ಲಿ ‘ಈ ಸ್ವಾತಂತ್ರ್ಯ ಸುಳ್ಳು’ ಅನ್ನುವ ಘೋಷಣೆ ಬಂತು. 1951ರ ಹೊತ್ತಿಗೆ ಆ ದಾರಿ ಬಿಟ್ಟು ಚುನಾವಣೆಗೆ ಇಳಿದರು. ಇನ್ನು 2021ರಲ್ಲಿ ಸಿಪಿಎಂ ತನ್ನ ಕಚೇರಿಗಳಲ್ಲೆಲ್ಲ ಆಗಸ್ಟ್ 15ಕ್ಕೆ ತ್ರಿವರ್ಣ ಧ್ವಜ ಏರಿಸಬೇಕು ಅಂತ ತೀರ್ಮಾನ ಮಾಡಿತು, ಕೋಲ್ಕತ್ತದ ಕಚೇರಿಯಲ್ಲೂ ಏರಿಸಿದರು.

ಇಷ್ಟು ಜಗಳ, ಇಷ್ಟು ಹೊರಳಾಟ ಇರುವ ಕತೆ ಇದು. ಒಂದೇ ಮನೆಯೊಳಗೆ ಎಪ್ಪತ್ತು, ಎಂಬತ್ತು ವರ್ಷದಿಂದ ನಡೆದ ವಾದ. ನೀವು ಆ ವಾದದಲ್ಲಿ ಯಾರ ಪಕ್ಕ ನಿಲ್ಲುತ್ತೀರಿ? 1948ರವರ ಪಕ್ಕ ಅಂದರೂ ನನಗೆ ಅಡ್ಡಿಯಿಲ್ಲ. ಯಾಕೆ ಅಂತ ಬರೆಯಿರಿ. ಕರಪತ್ರದ ‘ನಾವು’ ಬಂದು ಕೂತಲ್ಲಿ ನೀವು ಕಾಣಿಸುವುದೇ ಇಲ್ಲ.

ಈಗ ಐದನೇ ಪ್ಯಾರಾ. ನನ್ನ ನಿದ್ದೆ ಕೆಡಿಸಿದ್ದು ಇದೇ.

‘ಅಂಗಳದಲ್ಲಿ ಮುಗ್ಧ ಜನ ಕುರಿಗಳಂತೆ ನಿಂತಿದ್ದರು. ಅವರಿಗೆ ತಮ್ಮ ಗುಲಾಮಗಿರಿಯ ಅರಿವೇ ಇಲ್ಲ. ಮುಖ್ಯೋಪಾಧ್ಯಾಯರು ದೇಶಕ್ಕಾಗಿ ಮನೆ ಕೊಟ್ಟವರು ನೀವು ಎಂದರು. ಅಜ್ಜಿ ಪಕ್ಕದವಳಿಗೆ, ಕೊಟ್ಟದ್ದಲ್ಲ, ತಗೊಂಡದ್ದು ಎಂದಳು. ನಂತರ ಚಾಕಲೇಟ್ ಹಂಚಿದರು.’

ಇದನ್ನು ನೀವೇ ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಮೊದಲೆರಡು ಸಾಲಿನಲ್ಲಿ ಜನರಿಗೆ ಅರಿವಿಲ್ಲ ಅಂತೀರಿ. ನಾಲ್ಕನೇ ಸಾಲಿನಲ್ಲಿ ನಿಮ್ಮ ಅಜ್ಜಿ ಒಂದೇ ಉಸಿರಿನಲ್ಲಿ ಇಡೀ ಭೂಸ್ವಾಧೀನದ ಕತೆ ಹೇಳುತ್ತಾಳೆ. ಅದನ್ನು ಕೇಳಿಸಿಕೊಂಡೂ ನೀವು ಚಾಕಲೇಟಿಗೆ ಹೋಗಿಬಿಟ್ಟಿರಿ. ಹೀಗೆ ಮಾತಾಡುವ ಹೆಂಗಸಿಗೆ ಅರಿವಿಲ್ಲ ಅಂತ ಹೇಗೆ ಬರೆದಿರಿ? ಮಾರ್ಕ್ಸ್ ಹೇಳಿದ್ದರಲ್ಲಿ ನೀವು ಬಿಟ್ಟ ಉಳಿದರ್ಧ ಅಲ್ಲೇ ನಿಮ್ಮ ಎದುರಿಗೆ ನಿಂತಿತ್ತು.

1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಅದರ ನಡುವೆ ಗದ್ದೆ, ತೆಂಗಿನ ತೋಟ, ಬಲೆ ಎಳೆಯುವ ದಂಡೆ ಬಿಟ್ಟು ಊರಿಗೆ ಊರೇ ಎದ್ದು ಬಂತು. ಪರಿಹಾರದ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ದೇಶ ಅಂದರೆ ಎಷ್ಟು ಗುಂಟೆ, ಎಷ್ಟು ತೆಂಗಿನಮರ ಅಂತ ನಿಮ್ಮ ಕಾಲೊನಿಯವರಷ್ಟು ಲೆಕ್ಕ ಬಲ್ಲವರು ಬೇರೆ ಯಾರಿದ್ದಾರೆ? ಅಷ್ಟೆಲ್ಲ ಗೊತ್ತಿದ್ದೂ ಅವರು ಆ ಬೆಳಿಗ್ಗೆ ಒಗೆದ ಸೀರೆ ಉಟ್ಟು ಬಂದು ಜನಗಣಮನ ಮುಗಿಯುವ ತನಕ ನಿಂತರು. ಯಾಕೆ ನಿಂತರು? ಲೇಖನ ಇರುವುದು ಆ ಪ್ರಶ್ನೆಯಲ್ಲಿ. ನೀವು ಅದನ್ನು ಕೇಳಲೇ ಇಲ್ಲ. ಅವರನ್ನು ದೂರದಿಂದ ನೋಡಿ ಗುಂಪು ಮಾಡಿದಿರಿ. ದೇಶಭಕ್ತಿಯ ಹೆಸರಿನಲ್ಲಿ ಅವರನ್ನು ಗುಂಪಾಗಿ ಮಾತ್ರ ನೋಡುವವರನ್ನೇ ನೀವು ಇಡೀ ಲೇಖನದಲ್ಲಿ ಬೈದಿದ್ದೀರಿ, ಅಲ್ವಾ?

ನನ್ನ ಕಲಿಕೆಯ ಕಾಲದ ಒಂದು ಸಂಗತಿ ಹೇಳಬೇಕು. ಎಂಬತ್ತರ ದಶಕದ ಶುರು. ಶಿರಸಿಯ ಒಂದು ಸಣ್ಣ ಛಾಪಖಾನೆಯಲ್ಲಿ ಮೊಳೆ ಜೋಡಿಸುವ ಕೆಲಸಕ್ಕಿದ್ದೆ. ಅಲ್ಲಿಂದಲೇ ಒಂದು ವಾರಪತ್ರಿಕೆಯೂ ಹೊರಡುತ್ತಿತ್ತು. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ 1972ರಲ್ಲೇ ಬಂದಿತ್ತು. 1980ರಲ್ಲಿ ಅದನ್ನು ವಿಸ್ತರಿಸಿದ ಮೇಲೆ ಅರ್ಜಿ ಬರೆಸಲು ಹಳ್ಳಿಗಳಿಂದ ಮುದುಕರು, ಮುದುಕಿಯರು ಬರತೊಡಗಿದರು. ಯಜಮಾನರು ಆ ಕೆಲಸ ನನಗೆ ವಹಿಸಿದರು. ಜೈಲಿಗೆ ಹೋದವರು ಕನಿಷ್ಠ ಆರು ತಿಂಗಳ ಜೈಲುವಾಸಕ್ಕೆ ದಾಖಲೆ ತೋರಿಸಬೇಕು, ಹೆಂಗಸರಾದರೆ ಮೂರು ತಿಂಗಳು. ಆಸ್ತಿ ಹೋದವರು ಅದಕ್ಕೆ ಕಾಗದ ಕೊಡಬೇಕು. ಸಿದ್ದಾಪುರದ ಕಡೆಯಿಂದ ಒಬ್ಬ ಅಜ್ಜಿ ಬಂದಿದ್ದಳು. ಕರನಿರಾಕರಣೆಯ ಕಾಲಕ್ಕೆ ಹೊಸದಾಗಿ ಮದುವೆಯಾಗಿ ಬಂದವಳು. ಜಪ್ತಿಗೆ ಬಂದವರು ಕೊಟ್ಟಿಗೆಯಿಂದ ಎಮ್ಮೆ ಹೊಡೆದುಕೊಂಡು ಹೋಗಿದ್ದರು, ಕರು ಮಾತ್ರ ಉಳಿದಿತ್ತು. ಅವಳು ಜೈಲಿಗೆ ಹೋಗಿರಲಿಲ್ಲ. ಅವಳ ಹತ್ತಿರ ಒಂದು ಚೂರು ಕಾಗದವೂ ಇರಲಿಲ್ಲ. ನನ್ನ ಮೇಜಿನ ಮೇಲಿದ್ದ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು: ‘ಇದ್ರಲ್ಲಿ ಎಮ್ಮೆ ಬರಿಯೋಕೆ ಜಾಗ ಇದ್ಯಾ ತಮಾ?’

ಜಾಗ ಇರಲಿಲ್ಲ. ಒಳಗಿದ್ದ ಯಜಮಾನರು ಎದ್ದು ಬಂದರು. ಬೇರೆ ಹಾಳೆ ತೆಗೆದುಕೋ, ಅವಳು ಹೇಳಿದ ಹಾಗೇ ಬರಿ, ತ್ಯಾಗ ಅಂತೆಲ್ಲ ಬರೀಬೇಡ, ಎಮ್ಮೆ ಅಂತಲೇ ಬರಿ ಅಂದರು. ಬರೆದೆ. ಎಮ್ಮೆಯ ಬಣ್ಣ, ಎಷ್ಟನೇ ಸೂಲು, ಹರಾಜಿನಲ್ಲಿ ಹಿಡಿದವರು ಯಾವ ಕಡೆಯವರು, ಎಲ್ಲ ಹೇಳಿದಳು. ನಡುನಡುವೆ ಸರ್ಕಾರಕ್ಕೆ ಬೈದಳು. ಬ್ರಿಟಿಷ್ ಸರ್ಕಾರಕ್ಕಲ್ಲ, ಕಾಗದ ಕೇಳುವ ಈಗಿನ ಸರ್ಕಾರಕ್ಕೆ. ಹಾಗೆ ಬೈದವಳು ಆಗಸ್ಟ್ 15ಕ್ಕೆ ತಪ್ಪದೆ ತಾಲೂಕು ಕಚೇರಿಯ ಎದುರು ಬಂದು ನಿಲ್ಲುತ್ತಿದ್ದಳಂತೆ. ಧ್ವಜ ನಮ್ಮದು, ಆಫೀಸು ಅವರದ್ದು ಅನ್ನುವ ಭಾವ ಅವಳದ್ದು. ಆ ಹಾಳೆ ಬರೆಯುತ್ತಾ ನಾನು ಕಲಿತಷ್ಟು ಯಾವ ಸಂಪಾದಕೀಯ ಓದಿಯೂ ಕಲಿತಿಲ್ಲ. ನಿಮ್ಮ ಅಜ್ಜಿಯ ಮಾತು ಓದಿದಾಗ ಅವಳೇ ಕಣ್ಣೆದುರು ಬಂದಳು. ನನ್ನ ಸಿಟ್ಟಿಗೆ ಅರ್ಧ ಕಾರಣ ಅದೇ.

ಇನ್ನೊಂದು ಮಾತು. ಇದೇ ಪ್ಯಾರಾದ ಕೊನೆಗೆ ‘ಬಂಡವಾಳಶಾಹಿಯ ಧ್ವಜ ಗಾಳಿಗೆ ಹಾರಿತು’ ಅಂತಿದೆ. ಕಮ್ಯುನಿಸ್ಟರ ಕಣ್ಣು ಮೊದಲು ಹೋಗಬೇಕಾದದ್ದು ಎಲ್ಲಿಗೆ? ಆ ಬಟ್ಟೆ ಯಾರು ನೇಯ್ದರು, ಯಾರು ಹೊಲಿದರು, ಅವರಿಗೆ ಎಷ್ಟು ಕೂಲಿ ಅನ್ನುವಲ್ಲಿಗೆ. ನೀವು ಓದುವ ಧಾರವಾಡದ ಪಕ್ಕ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಗುರುತಿರುವ ರಾಷ್ಟ್ರಧ್ವಜ ಮಾಡುತ್ತಾರೆ. ಕೆಲಸದವರಲ್ಲಿ ಹೆಂಗಸರೇ ಜಾಸ್ತಿ. ಕೈಯಲ್ಲಿ ನೂತು ನೇಯ್ದ ಬಟ್ಟೆಯದ್ದೇ ಧ್ವಜ ಆಗಬೇಕು ಅಂತ ನಿಯಮ ಇತ್ತು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಯಂತ್ರದಲ್ಲಿ ಮಾಡಿದ್ದು, ಪಾಲಿಯೆಸ್ಟರಿನದ್ದು ಕೂಡ ಆಗಬಹುದು ಅಂದರು. ಮರುವರ್ಷ ಮನೆಮನೆಗೆ ಧ್ವಜ ಅಂತ ಅಭಿಯಾನ ನಡೆದಾಗ ಬೆಂಗೇರಿಯವರು ಪ್ರತಿಭಟನೆ ಮಾಡಿದರು. ನಿಮ್ಮ ಶಾಲೆಯ ಕಂಬದ ಮೇಲಿದ್ದದ್ದು ಖಾದಿಯೋ, ಪಾಲಿಯೆಸ್ಟರೋ? ಇದಕ್ಕೆ ನಿಮ್ಮ ಲೇಖನದಲ್ಲಿ ಉತ್ತರ ಇಲ್ಲ. ಧಾರವಾಡದಿಂದ ಬೆಂಗೇರಿಗೆ ಸಿಟಿ ಬಸ್ಸಿನಲ್ಲೇ ಹೋಗಿ ಬರಬಹುದು.

ಉಳಿದ ಪುಟಗಳಲ್ಲಿ ಸೋವಿಯತ್, ಚೀನಾ, ಕ್ಯೂಬಾ ಅಂತ ತುಂಬ ಇದೆ. ಅದನ್ನು ನಾನು ಮುಟ್ಟುವುದಿಲ್ಲ. ತೆಗೆದುಬಿಡಿ ಅಂತ ಮಾತ್ರ ಹೇಳುತ್ತೇನೆ.

ಈಗ ಮಾಡಬೇಕಾದ್ದು. ರಜೆಗೆ ಊರಿಗೆ ಬಂದಾಗ ಅಜ್ಜಿಯ ಹತ್ತಿರ ಕೂತು ಆವತ್ತು ಯಾಕೆ ಹಾಗೆ ಹೇಳಿದ್ದು, ಹೇಳಿದ ಮೇಲೂ ಯಾಕೆ ನಿಂತದ್ದು ಅಂತ ಕೇಳಿ. ಅವರು ಅದನ್ನು ಕೊಂಕಣಿಯಲ್ಲಿ ಹೇಳಿದ್ದರೆ ಕೊಂಕಣಿಯಲ್ಲೇ ಹಾಕಿ, ಪಕ್ಕದಲ್ಲಿ ಕನ್ನಡ ಕೊಡಿ. ನೀವು ಗೇಟಿನ ಹತ್ತಿರ ನಿಂತದ್ದೂ ಇರಲಿ. ಅಜ್ಜಿಯ ಜೊತೆ ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಅದನ್ನೂ ಬರೆಯಿರಿ, ಅವರ ಮುಖ ನೋಡಿಕೊಂಡು ಬರೆಯಿರಿ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಒಪ್ಪಿಗೆ ತೆಗೆದುಕೊಂಡೇ ಕಳಿಸಿ. ಧ್ವಜಕ್ಕೆ ಕೈ ಎತ್ತುವುದಿಲ್ಲ ಅಂತಲೇ ಲೇಖನ ಮುಗಿದರೂ ನಾನು ಒಂದಕ್ಷರ ಕತ್ತರಿಸದೆ ಹಾಕುತ್ತೇನೆ. ಬೈಗುಳದ ಪತ್ರ ಬಂದರೆ ಉತ್ತರ ಕೊಡುವುದು ನನ್ನ ಜವಾಬ್ದಾರಿ.

ಜನವರಿ 26ರ ಸಂಚಿಕೆಗೆ ನಾಲ್ಕು ಪುಟ ಹಿಡಿದಿಟ್ಟಿದ್ದೇನೆ. ಡಿಸೆಂಬರ್ ಮುಗಿಯುವುದರೊಳಗೆ ಬರಲಿ. ಕಳೆದ ಸಲದ ಹಾಗೆ ಹಾಳೆಯ ಫೋಟೊ ತೆಗೆದು ಕಳಿಸಬೇಡಿ, ಟೈಪ್ ಮಾಡಿ ಕಳಿಸಿ.

ನಿಮ್ಮ,
ಸಂಪಾದಕ